ಚಕ್ರ ಬದಲಿಸುವವರು ಐಸಿಯುವಿನಲ್ಲಿ ಕಂಡದ್ದು: ಒಂದು ಪ್ರಕರಣ ಅಧ್ಯಯನ

ಹುಟ್ಟಿನಿಂದಲೇ ಹೃದಯದ ದೋಷವಿರುವ ಮಗುವಿನ ಶಸ್ತ್ರಚಿಕಿತ್ಸೆಗೆ ನಾಲ್ಕರಿಂದ ಎಂಟು ಗಂಟೆ ಹಿಡಿಯುತ್ತದೆ. ಆಮೇಲೆ ಮಗುವನ್ನು ಆಪರೇಷನ್ ಥಿಯೇಟರ್‌ನಿಂದ ಐಸಿಯುಗೆ ಸಾಗಿಸಿ ಅಲ್ಲಿನವರ ಕೈಗೆ ಒಪ್ಪಿಸಬೇಕು. ಇಷ್ಟಕ್ಕೆ ಸುಮಾರು ಹದಿನೈದು ನಿಮಿಷ. ಇಲ್ಲಿ ಬಿಡಿಸಿ ನೋಡುತ್ತಿರುವುದು ಆ ಹದಿನೈದು ನಿಮಿಷವನ್ನು. ಸ್ಥಳ ಲಂಡನ್ನಿನ ಒಂದು ಮಕ್ಕಳ ಆಸ್ಪತ್ರೆ, ಕಾಲ 2000ದ ದಶಕದ ಮೊದಲ ವರ್ಷಗಳು. ಫಲಿತಾಂಶ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದದ್ದು 2007ರಲ್ಲಿ. ವೈದ್ಯರ, ರೋಗಿಗಳ, ನೆರವಿಗೆ ಬಂದ ರೇಸ್ ತಂಡದ ಹೆಸರುಗಳನ್ನು ಬೇಕೆಂದೇ ಬಿಟ್ಟಿದ್ದೇವೆ.

ಹಿನ್ನೆಲೆ

ಥಿಯೇಟರ್‌ನಲ್ಲಿ ಮಲಗಿದ್ದ ಮಗುವಿಗೆ ಉಸಿರಾಟದ ಯಂತ್ರ, ರಕ್ತದೊತ್ತಡ ಅಳೆಯಲು ರಕ್ತನಾಳಕ್ಕೆ ಹಾಕಿದ ಎರಡರಿಂದ ನಾಲ್ಕು ಸಣ್ಣ ಕೊಳವೆಗಳು, ಅಂದರೆ ಲೈನುಗಳು, ಹೃದಯಕ್ಕೆ ಬಲ ಕೊಡುವ ಮತ್ತು ರಕ್ತನಾಳ ಸಡಿಲಿಸುವ ಔಷಧಗಳ ಹಲವು ಪಂಪುಗಳು ಸೇರಿಕೊಂಡಿರುತ್ತವೆ. ಇವೆಲ್ಲವನ್ನೂ ಎರಡು ಸಲ ಕಳಚಿ ಜೋಡಿಸಬೇಕು. ಮೊದಲು ಥಿಯೇಟರ್‌ನ ಯಂತ್ರಗಳಿಂದ ಮಂಚದ ಜೊತೆ ಸಾಗುವ ಯಂತ್ರಗಳಿಗೆ, ಆಮೇಲೆ ಅಲ್ಲಿಂದ ಐಸಿಯುವಿನ ಯಂತ್ರಗಳಿಗೆ. ಅಷ್ಟರೊಳಗೇ ಇನ್ನೊಂದು ಸಾಗಾಟವೂ ಮುಗಿಯಬೇಕು. ಗಂಟೆಗಟ್ಟಲೆ ಮಗುವಿನ ಪಕ್ಕದಲ್ಲಿದ್ದವರ ತಲೆಯಲ್ಲಿರುವ ಮಾಹಿತಿ, ಅಂದರೆ ಯಾವ ದೋಷ, ಏನು ಸರಿಮಾಡಿದೆವು, ಎಲ್ಲಿ ರಕ್ತಸ್ರಾವವಾಯಿತು, ಯಾವ ಔಷಧ ಎಷ್ಟು ಪ್ರಮಾಣದಲ್ಲಿ ಓಡುತ್ತಿದೆ, ರಾತ್ರಿ ಯಾವುದರ ಮೇಲೆ ಕಣ್ಣಿಡಬೇಕು ಎನ್ನುವುದೆಲ್ಲ, ಮಗುವನ್ನು ಮೊದಲ ಸಲ ನೋಡುತ್ತಿರುವವರ ತಲೆಗೆ ಹೋಗಬೇಕು.

ಈ ಎರಡು ಕೆಲಸಗಳು ಒಟ್ಟೊಟ್ಟಿಗೇ ನಡೆಯುತ್ತಿದ್ದವು. ಸಮಸ್ಯೆಯ ಬೇರು ಇಲ್ಲಿದೆ. ನರ್ಸ್ ಪಂಪಿನ ವೈರು ಹುಡುಕುತ್ತಿರುವಾಗಲೇ ಅರಿವಳಿಕೆ ತಜ್ಞರು ಔಷಧದ ಪ್ರಮಾಣ ಹೇಳುತ್ತಾರೆ, ಶಸ್ತ್ರಚಿಕಿತ್ಸಕರು ಐಸಿಯು ವೈದ್ಯರ ಜೊತೆ ಬೇರೆಯೇ ಮಾತು ನಡೆಸುತ್ತಾರೆ, ಮಾನಿಟರ್ ಬಡಿದುಕೊಳ್ಳುತ್ತಿರುತ್ತದೆ. ಪ್ರತಿಯೊಬ್ಬರೂ ತಮ್ಮ ಕೆಲಸದಲ್ಲಿ ನಿಪುಣರು. ಆ ನಿಪುಣತೆಗಳನ್ನು ಹೆಣೆಯುವ ದಾರ ಮಾತ್ರ ಇರಲಿಲ್ಲ.

ದಾರ ಇಲ್ಲ ಎನ್ನುವುದು ಕಣ್ಣಿಗೆ ಬೀಳದೇ ಇದ್ದದ್ದಕ್ಕೂ ಕಾರಣವಿದೆ. 2000ದಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ದೊಡ್ಡ ಅಧ್ಯಯನ 16 ಆಸ್ಪತ್ರೆಗಳ 21 ಶಸ್ತ್ರಚಿಕಿತ್ಸಕರು ಮಾಡಿದ, ನವಜಾತ ಶಿಶುಗಳ ಒಂದೇ ಬಗೆಯ 243 ಹೃದಯ ಶಸ್ತ್ರಚಿಕಿತ್ಸೆಗಳನ್ನು ಪರಿಶೀಲಿಸಿತ್ತು. ದೊಡ್ಡ ಎಡವಟ್ಟಾದಾಗ ಎಲ್ಲರೂ ಎಚ್ಚೆತ್ತು ಹಲವು ಸಲ ಅದನ್ನು ಸರಿಪಡಿಸಿಬಿಡುತ್ತಾರೆ. ಚಿಲ್ಲರೆ ಎಡವಟ್ಟುಗಳು ಗಮನಕ್ಕೇ ಬರುವುದಿಲ್ಲ, ಒಂದರ ಮೇಲೊಂದು ಸೇರಿ ಗುಡ್ಡೆಯಾಗುತ್ತವೆ, ಆ ಗುಡ್ಡೆಗೂ ಕೆಟ್ಟ ಫಲಿತಾಂಶಕ್ಕೂ ನಂಟಿದೆ ಎಂದು ಅದರಿಂದ ತಿಳಿದುಬಂತು. ಐಸಿಯು ಹಸ್ತಾಂತರದಲ್ಲಿ ನಡೆಯುತ್ತಿದ್ದದ್ದು ಇಂಥ ಚಿಲ್ಲರೆ ಎಡವಟ್ಟುಗಳೇ. ಒಂದು ಲೈನ್ ಸಿಕ್ಕುಹಾಕಿಕೊಂಡಿದೆ, ಒಂದು ಯಂತ್ರ ಸಿದ್ಧವಿಲ್ಲ, ಒಂದು ವಿಷಯ ಹೇಳಲು ಮರೆತಿದೆ. ಯಾವುದೂ ಸುದ್ದಿಯಾಗುವಂಥದ್ದಲ್ಲ.

ಹೊಸ ವಿಧಾನ ತರುವ ಮೊದಲು 23 ಹಸ್ತಾಂತರಗಳನ್ನು ಪಕ್ಕದಲ್ಲಿ ನಿಂತು ಎಣಿಸಿದರು. ಸರಾಸರಿ ಒಂದು ಹಸ್ತಾಂತರಕ್ಕೆ 5.42 ತಾಂತ್ರಿಕ ತಪ್ಪು, 2.09 ಮಾಹಿತಿ ಲೋಪ. 23ರಲ್ಲಿ 9 ಮಕ್ಕಳ ವಿಷಯದಲ್ಲಿ ಎರಡೂ ಬಗೆಯವು ಒಂದಕ್ಕಿಂತ ಹೆಚ್ಚು.

ಒಳಗಿನವರೇ ಕೂತು ಯೋಚಿಸಿದರೆ ಸಾಲದೇ?

ಇಂಥ ಕಡೆ ಯಾವ ಸಂಸ್ಥೆಯಾದರೂ ಮೊದಲು ಮಾಡುವುದು ಸಭೆ ಕರೆಯುವುದು. ಬಿಳಿ ಹಲಗೆ, ಮಾರ್ಕರ್, "ಯಾರು ಏನು ಬೇಕಾದರೂ ಹೇಳಿ". ಈ ಪದ್ಧತಿಯನ್ನು ಬ್ರೈನ್‌ಸ್ಟಾರ್ಮಿಂಗ್ ಎಂಬ ಹೆಸರಿನಲ್ಲಿ 1940-50ರ ದಶಕಗಳಲ್ಲಿ ಜನಪ್ರಿಯಗೊಳಿಸಿದವನು ಅಮೆರಿಕದ ಜಾಹೀರಾತು ಕ್ಷೇತ್ರದ ಅಲೆಕ್ಸ್ ಆಸ್ಬರ್ನ್. ಟೀಕೆ ಬೇಡ, ಸಂಖ್ಯೆ ಹೆಚ್ಚಲಿ, ವಿಚಿತ್ರವಾದದ್ದೂ ಬರಲಿ, ಒಬ್ಬರದ್ದಕ್ಕೆ ಇನ್ನೊಬ್ಬರು ಸೇರಿಸಲಿ ಎಂಬ ನಾಲ್ಕು ನಿಯಮಗಳು ಅವನವೇ. ನಿಯಮಗಳಲ್ಲಿ ಕೆಡುಕೇನಿಲ್ಲ. ಎಡವುವುದು ಎಲ್ಲರೂ ಒಂದೇ ಹೊತ್ತಿಗೆ ಬಾಯಿಮಾತಿನಲ್ಲಿ ನಡೆಸುವುದರಲ್ಲಿ. 1958ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ನಡೆದ ಪ್ರಯೋಗವೊಂದು ಒಟ್ಟಿಗೆ ಕೂತ ನಾಲ್ವರನ್ನೂ, ಬೇರೆಬೇರೆಯಾಗಿ ಕೂತು ಬರೆದ ನಾಲ್ವರ ಪಟ್ಟಿಗಳನ್ನು ಸೇರಿಸಿದ್ದನ್ನೂ ಹೋಲಿಸಿತು. ಬೇರೆ ಕೂತವರ ಪಟ್ಟಿಯೇ ಉದ್ದವಾಗಿತ್ತು. 1987ರಲ್ಲಿ ಜರ್ಮನಿಯ ಇಬ್ಬರು ಮನೋವಿಜ್ಞಾನಿಗಳು ಮುಖ್ಯ ಕಾರಣವನ್ನು ಹಿಡಿದರು: ಒಬ್ಬರು ಮಾತಾಡುವಾಗ ಉಳಿದವರು ಕಾಯಬೇಕು, ಕಾಯುತ್ತಿರುವಾಗ ಹೊಳೆದದ್ದು ಜಾರಿಹೋಗುತ್ತದೆ.

ಆಸ್ಪತ್ರೆಯ ಕೋಣೆಯಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ಹಿರಿಯ ಶಸ್ತ್ರಚಿಕಿತ್ಸಕರು ಒಂದು ಸಲ "ಇದು ಹೀಗೆಯೇ" ಎಂದರೆ ಕಿರಿಯ ನರ್ಸ್ ಬಾಯಿ ಬಿಡುವುದು ಕಷ್ಟ. ಇನ್ನು, ಆ ಕೋಣೆಯಲ್ಲಿರುವ ಎಲ್ಲರೂ ಆ ಗದ್ದಲಕ್ಕೆ ಒಗ್ಗಿಹೋದವರು. ದೀಪದ ಬುಡದ ಕತ್ತಲು ದೀಪ ಹಿಡಿದವನಿಗೆ ಕಾಣುವುದಿಲ್ಲ.

ತಿರುವು: ಯಾರನ್ನು ಕರೆಯುವುದು

ದಣಿದ ಇಬ್ಬರು ವೈದ್ಯರು ಟಿವಿಯಲ್ಲಿ ಫಾರ್ಮುಲಾ ಒನ್ ರೇಸ್ ನೋಡುತ್ತಿದ್ದಾಗ ಪಿಟ್ ಸ್ಟಾಪ್ (ರೇಸಿನ ನಡುವೆ ಕಾರು ನಿಲ್ಲಿಸಿ ಚಕ್ರ ಬದಲಿಸಿ ಇಂಧನ ತುಂಬುವುದು) ಕಂಡು ಬೆರಗಾದರು ಎಂಬಲ್ಲಿಂದ ಈ ಕಥೆಯನ್ನು ಶುರುಮಾಡುವುದು ರೂಢಿ. ನಡೆದದ್ದೂ ಹಾಗೆಯೇ. ಆದರೂ ಕಲಿಯುವವರಿಗೆ ಬೇಕಾದದ್ದು ಆ ಬೆರಗಲ್ಲ. ಟಿವಿಯಲ್ಲಿ ರೇಸ್ ನೋಡಿದ ವೈದ್ಯರು ಸಾವಿರಾರು ಇದ್ದಾರು. ಇವರಿಬ್ಬರು ಎರಡು ಕೆಲಸಗಳ ಎಲುಬುಗೂಡನ್ನು ಪಕ್ಕಪಕ್ಕ ಇಟ್ಟು ನೋಡಿದರು: ಬೇರೆಬೇರೆ ಕಸುಬಿನ ಹತ್ತಾರು ಜನ, ಒಂದೇ ಜಾಗ, ಮಿತವಾದ ಸಮಯ, ಕಳಚುವುದು-ಜೋಡಿಸುವುದು, ಒಂದು ನಟ್ಟು ತಪ್ಪಿದರೂ ಪ್ರಾಣಕ್ಕೆ ಕುತ್ತು.

ಹೊರಗಿನವರನ್ನು ಆರಿಸುವಾಗ ಹೆಚ್ಚಿನವರು ಮುಗ್ಗರಿಸುವುದು ಇಲ್ಲೇ. ಒಂದೋ ತೀರಾ ಹತ್ತಿರದವರನ್ನು, ಅಂದರೆ ಇನ್ನೊಂದು ಆಸ್ಪತ್ರೆಯ ಹೃದಯ ತಜ್ಞರನ್ನು ಕರೆಯುತ್ತಾರೆ, ಅವರಿಗೂ ಅದೇ ಗದ್ದಲ ರೂಢಿ. ಇಲ್ಲವೇ "ಹೊಸ ದೃಷ್ಟಿ ಇರಲಿ" ಎಂದು ಕೆಲಸಕ್ಕೆ ಸಂಬಂಧವೇ ಇಲ್ಲದವರನ್ನು ಕೂರಿಸುತ್ತಾರೆ, ಅವರು ಸೌಜನ್ಯಕ್ಕೆ ನಾಲ್ಕು ಮಾತಾಡಿ ಚಹಾ ಕುಡಿದು ಹೋಗುತ್ತಾರೆ. ಬೇಕಾದವರು ವಿಷಯದಲ್ಲಿ ದೂರ, ರಚನೆಯಲ್ಲಿ ಹತ್ತಿರ ಇರುವವರು. ಈ ದೂರಕ್ಕೆ ಬೆಲೆಯಿದೆ ಎನ್ನುವುದಕ್ಕೆ ಬೇರೆ ಪುರಾವೆಯೂ ಇದೆ. ಕಂಪನಿಗಳು ತಮ್ಮಿಂದ ಬಗೆಹರಿಯದ 166 ವೈಜ್ಞಾನಿಕ ಸಮಸ್ಯೆಗಳನ್ನು ಜಾಲತಾಣವೊಂದರ ಮೂಲಕ ಹೊರಗಿನವರ ಮುಂದಿಟ್ಟದ್ದನ್ನು 2010ರ ಅಧ್ಯಯನವೊಂದು ಪರಿಶೀಲಿಸಿತ್ತು. ಸಮಸ್ಯೆಯ ಕ್ಷೇತ್ರದಿಂದ ದೂರವಿದ್ದವರಿಗೇ ಗೆಲ್ಲುವ ಸಾಧ್ಯತೆ ಹೆಚ್ಚಾಗಿತ್ತು. ಅವರು ದಡ್ಡರೂ ಅಲ್ಲ, ಹವ್ಯಾಸಿಗಳೂ ಅಲ್ಲ ಎನ್ನುವುದನ್ನು ಮರೆಯಬಾರದು. ತಮ್ಮ ಕ್ಷೇತ್ರದಲ್ಲಿ ಪಳಗಿದವರು. "ತಜ್ಞರಲ್ಲದವರು" ಎಂದರೆ ನಮ್ಮ ವಿಷಯದ ತಜ್ಞರಲ್ಲ ಎಂದಷ್ಟೇ ಅರ್ಥ.

ಆಸ್ಪತ್ರೆಯವರು ಇಟಲಿಯ ರೇಸ್ ತಂಡದ ಬಳಿ ಹೋದರು, ಜೊತೆಗೆ ವಿಮಾನದ ಇಬ್ಬರು ಕ್ಯಾಪ್ಟನ್‌ಗಳ ನೆರವನ್ನೂ ಪಡೆದರು. ಕೈಯಲ್ಲಿ ಹಸ್ತಾಂತರದ ವಿಡಿಯೊ ಇತ್ತು. ಈ ಪ್ರಕರಣದಲ್ಲಿ ತೆಗೆದುಕೊಂಡ ನಿರ್ಧಾರಗಳಲ್ಲಿ ಅತಿ ಮುಖ್ಯವಾದದ್ದು ಇದೇ ಎನ್ನುವುದು ನಮ್ಮ ಅಭಿಪ್ರಾಯ. ಬಾಯಲ್ಲಿ ವಿವರಿಸಿದ್ದರೆ ವೈದ್ಯರು ತಮಗೆ ಗೊತ್ತಿರುವ ಕ್ರಮವನ್ನೇ ವಿವರಿಸುತ್ತಿದ್ದರು: ಮೊದಲು ಇದು, ಆಮೇಲೆ ಅದು. ಹೇಳುವಾಗ ಎಲ್ಲವೂ ಸಾಲಾಗಿ ಬರುತ್ತದೆ. ವಿಡಿಯೊ ಹಾಗೆ ಸಾಲು ಮಾಡುವುದಿಲ್ಲ.

ಅವರು ಕಂಡದ್ದು

ಆ ಕಾಲದ ಪಿಟ್ ಸ್ಟಾಪಿನಲ್ಲಿ ಸುಮಾರು ಇಪ್ಪತ್ತು ಜನ. ಪ್ರತಿ ಚಕ್ರಕ್ಕೆ ಮೂವರು: ಒಬ್ಬ ನಟ್ಟು ಬಿಚ್ಚುವ ಗನ್ ಹಿಡಿದವನು, ಒಬ್ಬ ಹಳೆಯ ಚಕ್ರ ಎಳೆಯುವವನು, ಒಬ್ಬ ಹೊಸದು ಕೂರಿಸುವವನು. ಹಿಂದೆ ಮುಂದೆ ಜ್ಯಾಕ್, ಪಕ್ಕದಲ್ಲಿ ಇಂಧನದ ಪೈಪು. ಎಲ್ಲ ಸೇರಿ ಏಳೆಂಟು ಸೆಕೆಂಡಿನಲ್ಲಿ ಮುಗಿಯುತ್ತಿತ್ತು. ಕಾರಿನ ಮೂತಿಯ ಮುಂದೆ ಉದ್ದ ಕೋಲಿನ ಹಲಗೆ ಹಿಡಿದ ಒಬ್ಬ ನಿಂತಿರುತ್ತಿದ್ದ, ಅವನಿಗೆ ಲಾಲಿಪಾಪ್ ಮ್ಯಾನ್ ಎಂದೇ ಹೆಸರು. ಅವನು ಚಕ್ರ ಮುಟ್ಟುವುದಿಲ್ಲ, ಪೈಪು ಮುಟ್ಟುವುದಿಲ್ಲ. ಎಲ್ಲರ ಕೈ ಮೇಲೆದ್ದದ್ದನ್ನು ನೋಡಿ ಹಲಗೆ ಎತ್ತುತ್ತಾನೆ, ಆಗ ಕಾರು ಹೊರಡುತ್ತದೆ. ನಮ್ಮ ತೇರಿನಲ್ಲಿ ಹಗ್ಗ ಹಿಡಿಯದೆ ಗಾಲಿಯ ಹತ್ತಿರವೇ ನಿಂತು, ಮರದ ತುಂಡು ಕೊಟ್ಟು ರಥದ ದಿಕ್ಕು ಕಾಯುವವರನ್ನು ನೆನೆಸಿಕೊಂಡರೆ ಈ ಕೆಲಸದ ಬಗೆ ಅರ್ಥವಾಗುತ್ತದೆ.

ವಿಡಿಯೊ ನೋಡಿದ ರೇಸ್ ತಂಡದವರ ಕಣ್ಣಿಗೆ ಮೊದಲು ಹೊಡೆದದ್ದು ಆ ಜಾಗದಲ್ಲಿ ಯಾರೂ ಇಲ್ಲದಿರುವುದು. ಮಂಚದ ಸುತ್ತ ಎಲ್ಲರೂ ಏನಾದರೊಂದು ಮಾಡುತ್ತಿದ್ದಾರೆ, ಹಿಂದೆ ಸರಿದು ಇಡೀ ಚಿತ್ರ ನೋಡುವವರಿಲ್ಲ. ಎರಡನೆಯದು ಗದ್ದಲ. ಪಿಟ್‌ನಲ್ಲಿ ಮಾತೇ ಇರುವುದಿಲ್ಲ, ಇಲ್ಲಿ ಒಂದೇ ಹೊತ್ತಿಗೆ ಮೂರ್ನಾಲ್ಕು ಮಾತುಕತೆ. ಮೂರನೆಯದು ಅನುಕ್ರಮ. ಇವತ್ತು ಮೊದಲಾದದ್ದು ನಾಳೆ ಕೊನೆಯಲ್ಲಿ, ಯಾರು ಹತ್ತಿರ ನಿಂತಿದ್ದಾರೋ ಅವರದೇ ಕೆಲಸ.

ಗಮನಿಸಿ, ಇವುಗಳಲ್ಲಿ ಒಂದೂ ಹೃದಯದ ಬಗ್ಗೆ ಅಲ್ಲ. ವೈದ್ಯಕೀಯ ಸಲಹೆ ಕೊಡುವ ಶಕ್ತಿಯೂ ಅವರಿಗಿರಲಿಲ್ಲ, ಅದನ್ನು ಯಾರೂ ಕೇಳಲೂ ಇಲ್ಲ.

ಇನ್ನೊಂದು ಉಪಯೋಗವೂ ಆಯಿತು. ರೇಸ್‌ನವರು ಒಂದು ಕೆಲಸವನ್ನು ಹೆಜ್ಜೆಹೆಜ್ಜೆಯಾಗಿ ಬಿಡಿಸಿ, ಪ್ರತಿ ಹೆಜ್ಜೆಯಲ್ಲಿ ಏನೇನು ಕೆಡಬಹುದು ಎಂದು ಮೊದಲೇ ಪಟ್ಟಿ ಮಾಡುವವರು. ಎಂಜಿನಿಯರಿಂಗ್‌ನಲ್ಲಿ ಇದು ಎಫ್‌ಎಂಇಎ (ಫೇಲ್ಯೂರ್ ಮೋಡ್ಸ್ ಅಂಡ್ ಎಫೆಕ್ಟ್ಸ್ ಅನಾಲಿಸಿಸ್) ಎಂಬ ಹಳೆಯ ಪದ್ಧತಿ. ಆಸ್ಪತ್ರೆ ಅದನ್ನು ಸ್ವಲ್ಪ ಮಾರ್ಪಡಿಸಿ ಎರವಲು ಪಡೆಯಿತು. ಸಾಮಾನ್ಯ ರೂಪದಲ್ಲಿ ಅದು ಹೀಗೆ: ಪ್ರತಿ ದೋಷಕ್ಕೆ ಎಷ್ಟು ಅಪಾಯ, ಎಷ್ಟು ಸಲ ಆಗಬಹುದು, ಆದಾಗ ಸಿಕ್ಕಿಬೀಳುವುದು ಎಷ್ಟು ಕಷ್ಟ ಎಂದು 1ರಿಂದ 10ರವರೆಗೆ ಮೂರು ಅಂಕ ಕೊಟ್ಟು ಗುಣಿಸುತ್ತಾರೆ. ವೆಂಟಿಲೇಟರ್ ಕೊಳವೆ ಸಡಿಲವಾಗುವುದಕ್ಕೆ ಅಪಾಯ 9, ಸಂಭವ 3, ಪತ್ತೆಯ ಕಷ್ಟ 2 ಎಂದುಕೊಳ್ಳಿ, ಬರುವುದು 54. ಔಷಧದ ಪ್ರಮಾಣ ತಪ್ಪಾಗಿ ಕೇಳಿಸಿಕೊಂಡದ್ದಕ್ಕೆ 8, 4, 7 ಎಂದಾದರೆ 224. (ಇವು ವಿವರಿಸಲು ಕೊಟ್ಟ ಅಂಕಗಳು, ಆಸ್ಪತ್ರೆಯವಲ್ಲ.) ಮಾನಿಟರ್ ಕೂಗಿ ಹೇಳುವ ದೋಷಕ್ಕಿಂತ ಯಾರೂ ಕೂಗದ ದೋಷ ಮೇಲೆ ಬರುವುದು ಈ ಮೂರನೆಯ ಅಂಕದಿಂದ. ಸಭೆಯಲ್ಲಿ ಬಾಯಿಮಾತಿಗೆ ಬಿಟ್ಟರೆ ಜೋರಾಗಿ ಕೂಗುವ ದೋಷದ ಮೇಲೆಯೇ ಚರ್ಚೆ ಸುತ್ತುತ್ತದೆ.

ತಂದದ್ದು, ಬಿಟ್ಟದ್ದು

ಹೊರಗಿನಿಂದ ಬಂದ ಒಳನೋಟವನ್ನು ಹಾಗೆಯೇ ನೆಟ್ಟರೆ ಹಿಡಿಯುವುದಿಲ್ಲ. ಪಿಟ್ ತಂಡದಲ್ಲಿ ವರ್ಷವಿಡೀ ಅದೇ ಜನ, ದಿನಕ್ಕೆ ಹತ್ತಾರು ಸಲ ಅದೇ ತಾಲೀಮು. ಆಸ್ಪತ್ರೆಯಲ್ಲಿ ಪಾಳಿ ಬದಲಾಗುತ್ತದೆ, ಕಿರಿಯ ವೈದ್ಯರು ತಿಂಗಳುಗಳಲ್ಲಿ ಬೇರೆ ವಿಭಾಗಕ್ಕೆ ಹೋಗುತ್ತಾರೆ. ಅಷ್ಟು ತಾಲೀಮು ಆಗದ ಮಾತು. ಹಾಗಾಗಿ ತರಬೇತಿಯ ಜೊತೆಗೆ ಇಡೀ ವಿಧಾನವನ್ನು ಹಾಳೆಗಿಳಿಸಿ, ಲ್ಯಾಮಿನೇಟ್ ಮಾಡಿ ಪ್ರತಿ ಮಂಚದ ಬಳಿ ಇಟ್ಟರು. ಇನ್ನೊಂದು ವ್ಯತ್ಯಾಸ: ಪಿಟ್‌ನಲ್ಲಿ ಹಲಗೆ ಹಿಡಿದವನು ಕೊನೆಯವರೆಗೂ ಒಬ್ಬನೇ. ಇಲ್ಲಿ ಮಗುವಿನ ಹೊಣೆಯೇ ನಡುವೆ ಕೈ ಬದಲಾಗುತ್ತದೆ. ಅರಿವಳಿಕೆ ತಜ್ಞರು ಸೂತ್ರಧಾರರಾಗಿ ಬಂದು, ಕೊನೆಯಲ್ಲಿ ಆ ಹೊಣೆಯನ್ನು ಐಸಿಯು ತಜ್ಞರಿಗೆ ಒಪ್ಪಿಸಬೇಕು ಎಂದು ನಿಗದಿಯಾಯಿತು. ಇಬ್ಬರೂ ಆಗಾಗ ಮಂಚದಿಂದ ಒಂದು ಹೆಜ್ಜೆ ಹಿಂದೆ ನಿಂತು ಒಟ್ಟಾರೆ ನೋಡಬೇಕು.

ಹೊಸ ಕ್ರಮದ ಬೆನ್ನೆಲುಬು ಕೆಲಸಗಳನ್ನು ಬೇರ್ಪಡಿಸಿದ್ದು. ಮಗು ಥಿಯೇಟರ್ ಬಿಡುವ ಮೊದಲೇ ಒಂದು ಫಾರಂ ತುಂಬಿ ಐಸಿಯುಗೆ ಕಳುಹಿಸುತ್ತಾರೆ, ಅದನ್ನು ನೋಡಿ ಅಲ್ಲಿ ಯಂತ್ರ, ಪಂಪುಗಳ ಜಾಗ ಸಿದ್ಧವಾಗುತ್ತದೆ. ಮಗು ಬಂದ ಮೇಲೆ ಮೊದಲ ಹಂತದಲ್ಲಿ ಯಂತ್ರಗಳ ಜೋಡಣೆ ಮಾತ್ರ. ಉಸಿರಾಟ ಯಾರದು, ಮಾನಿಟರ್ ಯಾರದು, ಡ್ರೈನ್ (ಎದೆಯಿಂದ ರಕ್ತ, ದ್ರವ ಹೊರಹಾಕುವ ಕೊಳವೆ) ಯಾರದು ಎಂದು ಮೊದಲೇ ಗೊತ್ತು, ಅಗತ್ಯವಿಲ್ಲದ ಮಾತಿಲ್ಲ. ಅದು ಮುಗಿದ ಮೇಲೆ ಎರಡನೇ ಹಂತ: ಅರಿವಳಿಕೆ ತಜ್ಞರು, ಆಮೇಲೆ ಶಸ್ತ್ರಚಿಕಿತ್ಸಕರು, ಒಬ್ಬೊಬ್ಬರಾಗಿ ಮಾತಾಡುತ್ತಾರೆ, ಮಧ್ಯೆ ಯಾರೂ ಬಾಯಿ ಹಾಕುವುದಿಲ್ಲ. ಕೇಳುವವರ ಕೈಯಲ್ಲಿ ಪರಿಶೀಲನಾ ಪಟ್ಟಿ. ಇದು ವಿಮಾನದವರ ಕೊಡುಗೆ. ಆ ಪಟ್ಟಿಯೇ ಐಸಿಯುವಿನ ದಾಖಲಾತಿ ಟಿಪ್ಪಣಿಯೂ ಆಗುವಂತೆ ಮಾಡಿದ್ದು ಜಾಣತನ. ಬರೆಯುವ ಕೆಲಸ ಹೆಚ್ಚಿದ್ದರೆ ಪಟ್ಟಿ ಮೂಲೆ ಸೇರುತ್ತಿತ್ತು. ಮೂರನೇ ಹಂತ ಚರ್ಚೆಗೆ. ಮುಂದಿನ ಗಂಟೆಗಳಲ್ಲಿ ಏನಾಗಬಹುದು, ಆದರೆ ಏನು ಮಾಡುವುದು ಎಂದು ಮಾತಾಡುವಾಗ ನರ್ಸ್‌ಗಳೂ ಸೇರಿ ಎಲ್ಲರೂ ಕೇಳಬೇಕು, ಹೇಳಬೇಕು. ಕಿರಿಯರಿಗೆ ಮಾತಾಡಿ ಎಂದು ಉಪದೇಶಿಸುವ ಬದಲು ಮಾತಾಡುವ ಸಮಯವನ್ನೇ ಕ್ರಮದೊಳಗೆ ಇಟ್ಟಿದ್ದಾರೆ.

ಏನಾಯಿತು

ಹೊಸ ಕ್ರಮದಲ್ಲಿ ನಡೆದ 27 ಹಸ್ತಾಂತರಗಳನ್ನು ಎಣಿಸಿದಾಗ ತಾಂತ್ರಿಕ ತಪ್ಪು ಸರಾಸರಿ 5.42ರಿಂದ 3.15ಕ್ಕೆ ಇಳಿದಿತ್ತು, ಮಾಹಿತಿ ಲೋಪ 2.09ರಿಂದ 1.07ಕ್ಕೆ. ಎರಡೂ ಬಗೆಯವು ಒಂದಕ್ಕಿಂತ ಹೆಚ್ಚಾದ ಮಕ್ಕಳು ಮೊದಲು 23ರಲ್ಲಿ 9, ಈಗ 27ರಲ್ಲಿ 3.

ಸಮಯ? ಸಾಗಾಟ ಬಿಟ್ಟು ಹಸ್ತಾಂತರಕ್ಕಷ್ಟೇ 10.8 ನಿಮಿಷದಿಂದ 9.4 ನಿಮಿಷ. ಇಷ್ಟು ಸಣ್ಣ ಗುಂಪುಗಳಲ್ಲಿ ಈ ವ್ಯತ್ಯಾಸದ ಮೇಲೆ ಏನನ್ನೂ ಕಟ್ಟಲಾಗದು. ಈ ಕಥೆಯನ್ನು ವೇಗದ ಪಾಠವಾಗಿ ಹೇಳುವವರು ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ಜಗತ್ತಿನ ಅತಿ ಚುರುಕಿನ ಕೆಲಸಗಾರರ ಬಳಿ ಹೋಗಿ ಆಸ್ಪತ್ರೆ ತಂದುಕೊಂಡದ್ದು ಮೌನ, ಸರದಿ ಮತ್ತು ಸುಮ್ಮನೆ ನಿಂತು ನೋಡುವ ಒಬ್ಬರು. ಸಮಯ ಹೆಚ್ಚಾಗದೆ ಇದ್ದದ್ದೇ ಇಲ್ಲಿ ಲಾಭ, ಏಕೆಂದರೆ "ಒಂದೊಂದಾಗಿ ಮಾಡಿದರೆ ತಡವಾಗುತ್ತದೆ" ಎಂಬ ಆಕ್ಷೇಪ ಇಂಥ ಕಡೆ ಬಂದೇ ಬರುತ್ತದೆ.

ಅಧ್ಯಯನಕ್ಕೆ ಮಿತಿಗಳಿವೆ. ಒಂದೇ ಆಸ್ಪತ್ರೆ, 50 ಹಸ್ತಾಂತರ, ಮೊದಲು-ಆಮೇಲೆ ಎಂಬ ಹೋಲಿಕೆ. ಯಾರೋ ಎಣಿಸುತ್ತಿದ್ದಾರೆ ಎಂದು ಗೊತ್ತಾದಾಗ ಜನ ಹುಷಾರಾಗುವುದೂ ಉಂಟು. ಅಳೆದದ್ದು ತಪ್ಪುಗಳನ್ನು, ಇದರಿಂದ ಎಷ್ಟು ಮಕ್ಕಳು ಉಳಿದರು ಎಂಬ ಲೆಕ್ಕವನ್ನು ಈ ಅಂಕಿಗಳಿಂದ ಹೊರಡಿಸಲು ಬರುವುದಿಲ್ಲ.

ಬೇರೆ ಕಡೆ ಮಾಡುವವರಿಗೆ

ಕಾರ್ಖಾನೆಯ ಪಾಳಿ ಬದಲಾವಣೆಯಿರಲಿ, ದೊಡ್ಡ ಅಡುಗೆಮನೆಯಿಂದ ಬಡಿಸುವವರಿಗೆ ಊಟ ದಾಟುವ ಜಾಗವಿರಲಿ, ಬೇಕಾದದ್ದು ಇಷ್ಟು. ಮೊದಲು ಎಣಿಕೆ. ಯಾವುದನ್ನು ತಪ್ಪು ಎನ್ನುತ್ತೇವೆ ಎಂದು ಮೊದಲೇ ಬರೆದಿಟ್ಟು, ಕನಿಷ್ಠ ಇಪ್ಪತ್ತು ಸಲ ನೋಡಿ. ಈ ಹೆಜ್ಜೆ ಬಿಟ್ಟವರಿಗೆ ಕೊನೆಯಲ್ಲಿ ಹೇಳಲು "ಈಗ ಚೆನ್ನಾಗಿದೆ ಅನ್ನಿಸುತ್ತದೆ" ಎನ್ನುವುದಕ್ಕಿಂತ ಹೆಚ್ಚೇನೂ ಉಳಿಯುವುದಿಲ್ಲ. ವಿಡಿಯೊ ತೆಗೆಯುವಾಗ ಅದರಲ್ಲಿರುವವರ ಒಪ್ಪಿಗೆ ಬೇಕು, ಇದು ಶಿಕ್ಷೆಗಾಗಿ ಅಲ್ಲ ಎಂಬ ಲಿಖಿತ ಭರವಸೆಯೂ ಬೇಕು. ಭರವಸೆ ಇಲ್ಲದಿದ್ದರೆ ಕ್ಯಾಮೆರಾ ಮುಂದೆ ಎಲ್ಲರೂ ನಾಟಕವಾಡುತ್ತಾರೆ.

ಹೊರಗಿನವರಿಗೆ ತೋರಿಸುವಾಗ ಮೊದಲ ಸಲ ವಿವರಣೆ ಕೊಡಬೇಡಿ. ಒಳಗಿನವರು ಪಕ್ಕದಲ್ಲಿ ಕೂತು "ಅದು ಯಾಕೆಂದರೆ..." ಎಂದು ಶುರುಮಾಡಿದ ಕ್ಷಣಕ್ಕೆ ಹೊರಗಿನ ಕಣ್ಣು ಒಳಗಿನ ಕಣ್ಣಾಗಿಬಿಡುತ್ತದೆ. ಪರಿಹಾರ ಏನು ಎಂದು ಕೇಳುವುದೂ ಬೇಡ. ಏನು ಕಾಣಿಸಿತು, ಯಾವುದು ಅರ್ಥವಾಗಲಿಲ್ಲ, ನಿಮ್ಮಲ್ಲಿ ಇಂಥ ಜಾಗದಲ್ಲಿ ಏನಿರುತ್ತದೆ ಎಂಬ ಮೂರು ಪ್ರಶ್ನೆ ಸಾಕು. ಉತ್ತರವನ್ನು ಹತ್ತು ನಿಮಿಷ ಮಾತಿಲ್ಲದೆ ಚೀಟಿಯಲ್ಲಿ ಬರೆಯಿಸಿ, ಒಂದು ಚೀಟಿಗೆ ಒಂದೇ ವಿಷಯ, ಹೆಸರು ಬೇಡ. ಒಳಗಿನವರೂ ಅದೇ ಹೊತ್ತಿಗೆ ಬರೆಯಲಿ. ಆಮೇಲೆ ಚೀಟಿಗಳನ್ನು ಗೋಡೆಗೆ ಅಂಟಿಸಿ, ಒಬ್ಬರೇ ಎಲ್ಲವನ್ನೂ ಓದಲಿ. ಮಾತು ಶುರುವಾಗಬೇಕಾದದ್ದು ಅದಾದ ಮೇಲೆ, ಹಿರಿಯರು ಕೊನೆಯಲ್ಲಿ ಮಾತಾಡಬೇಕು. ಆರರಿಂದ ಎಂಟು ಜನ ಸಾಕು. ಅವರಲ್ಲಿ ಇಬ್ಬರು ಮೂವರು ಹೊರಗಿನವರು.

ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದು ಒಗ್ಗಿಸುವ ಕೆಲಸ, ಅದು ಒಳಗಿನವರದ್ದೇ. ಪ್ರತಿ ಸಲಹೆಯ ಎದುರು ಎರಡು ಸಾಲು ಬರೆಯಿರಿ: ಅವರಲ್ಲಿ ಇದು ನಡೆಯಲು ಆಧಾರವೇನು, ನಮ್ಮಲ್ಲಿ ಆ ಆಧಾರ ಇದೆಯೇ. ಪಿಟ್ ತಾಲೀಮಿನ ಎದುರು "ಅದೇ ಜನ, ದಿನಾ" ಎಂದು ಬರೆದ ಕೂಡಲೇ ಆಸ್ಪತ್ರೆಗೆ ಅದು ಹೊಂದುವುದಿಲ್ಲ ಎಂದು ಕಾಣುತ್ತದೆ, ಮಂಚದ ಪಕ್ಕದ ಹಾಳೆ ಹುಟ್ಟುವುದು ಅಲ್ಲಿ. ಹೊಸ ಕ್ರಮ ಜಾರಿಯಾಗಿ ಕೆಲವು ವಾರ ಕಳೆದ ಮೇಲೆ, ಮೊದಲು ಎಣಿಸಿದ ಅದೇ ಪಟ್ಟಿ ಹಿಡಿದು ಮತ್ತೆ ಇಪ್ಪತ್ತು ಸಲ ಎಣಿಸಿ, ಹೊಸದೊಂದು ವಿಡಿಯೊ ತೆಗೆಯಿರಿ. ಅದನ್ನು ಮೊದಲ ಸಲ ನೋಡಿದ ಹೊರಗಿನವರಿಗೇ ತೋರಿಸಿ. ಅಷ್ಟರಲ್ಲಿ ನಿಮ್ಮ ಹೊಸ ಕ್ರಮವೂ ನಿಮಗೆ ಒಗ್ಗಿಹೋಗಿರುತ್ತದೆ.